ನಲವತ್ತು ತುಂಬದ ತಾಯಿ
ಪಾವಗಡದ ಕಚೇರಿಯೊಂದರ ಮುಂದೆ ಕಂಕುಳಲ್ಲಿ ಕೂಸನ್ನೆತ್ತಿಕೊಂಡು ನಿಂತಿದ್ದ ವಿಚ್ಛೇದಿತ ತರುಣಿಯೊಬ್ಬಳನ್ನು ಈ ವಾರ ಕಂಡೆನು. ಪತಿಯು ಮೃತನಾಗಿದ್ದರೆ 18 ತುಂಬಿದ ಬಡ ಸ್ತ್ರೀಗೂ ತಿಂಗಳಿಗೆ 800 ರೂಪಾಯಿಗಳ ವಿಧವಾ ವೇತನವನ್ನೀಯುವ ಸರ್ಕಾರವು, ಅಷ್ಟೇ ಮೊತ್ತದ ಮನಸ್ವಿನಿ ಮಾಸಾಶನವನ್ನು ವಿಚ್ಛೇದಿತೆಗೆ 40 ತುಂಬುವವರೆಗೂ ಕೊಡದಿರುವುದಾದರೆ, ಮಗುವಿಗೆ ಹಾಲು, ಔಷಧ, ಪುಸ್ತಕಗಳು ಬೇಕಾದ ವರ್ಷಗಳೆಲ್ಲ ಕಳೆದ ಮೇಲೆ ಬರುವ ಆ ಧನವು ಯಾರ ಪೋಷಣೆಗೆ? ಇಂಥ ತಾಯಂದಿರಿಗೆ ಕೆಲವು ಪರದೇಶಗಳಲ್ಲಿ ತೆರಿಗೆಯ ರಿಯಾಯಿತಿಯುಂಟು. ಮಧುಗಿರಿ, ಶಿರಾಗಳ ಕಡಲೆಕಾಯಿ ಹೊಲಗಳಲ್ಲಿ ಕಳೆ ಕೀಳುವವಳಿಗಾದರೋ ತೆರಿಗೆ ಕಟ್ಟುವಷ್ಟು ವರಮಾನವೇ ಇಲ್ಲ. 2023ರ ಆಗಸ್ಟಿನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯಿಂದ ಮನೆಯ ಯಜಮಾನಿಗೆ ತಿಂಗಳಿಗೆ ಬರುವ 2000 ರೂಪಾಯಿ ನಿಜವಾದ ಆಸರೆಯೇ ಹೌದು. ಆದರೆ ತವರಿಗೆ ಮರಳಿದವಳ ಮನೆಯ ಪಡಿತರ ಚೀಟಿಯಲ್ಲಿ ಯಜಮಾನಿಯಾಗಿರುವವಳು ಸಾಮಾನ್ಯವಾಗಿ ಆಕೆಯ ತಾಯಿ. ಮಕ್ಕಳುಳ್ಳ ವಿಚ್ಛೇದಿತೆಯರ ಮಟ್ಟಿಗಾದರೂ ಮನಸ್ವಿನಿಯ ಈ ವಯೋನಿಯಮವನ್ನು ಕೂಡಲೇ ತೆಗೆದುಹಾಕತಕ್ಕದ್ದು.