ಕ್ಯಾಮೆರಾ ನೋಡಿದೆ, ಬ್ಯಾಂಡ್ ನೋಡಲಿಲ್ಲ

ನಮ್ಮ ಮನೆಯಲ್ಲಿ ಯಾರು ಫೋನ್ ಕೊಳ್ಳಬೇಕೆಂದರೂ ಮೊದಲು ಕೇಳುವುದು ನನ್ನನ್ನೇ. ಎಲೆಕ್ಟ್ರಾನಿಕ್ಸ್ ಆ್ಯಂಡ್ ಕಮ್ಯುನಿಕೇಷನ್ ಓದುವ ಹುಡುಗ, ಇವನಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು ಎಂಬ ನಂಬಿಕೆ. 2025ರ ಜನವರಿಯಲ್ಲಿ ಅಕ್ಕ ಮಾಸ್ಟರ್ಸ್ ಓದಲು ಮೆಲ್ಬರ್ನ್‌ಗೆ ಹೊರಡುವ ತಯಾರಿಯಲ್ಲಿದ್ದಾಗಲೂ ಹಾಗೇ ಆಯಿತು. ದಾವಣಗೆರೆಯ ಅಂಗಡಿಯೊಂದರಲ್ಲಿ ಗಂಟೆಗಟ್ಟಲೆ ಕೂತು, ಮೂರು ಫೋನ್‌ಗಳನ್ನು ಪಕ್ಕಪಕ್ಕ ಇಟ್ಟು, ಕ್ಯಾಮೆರಾ, ರ‍್ಯಾಮ್, ಬ್ಯಾಟರಿ ಎಲ್ಲ ಹೋಲಿಸಿ ಇಪ್ಪತ್ತಾರು ಸಾವಿರದ ಒಂದು ಫೋನನ್ನು ನಾನೇ ಆರಿಸಿದೆ. ಡಬ್ಬಿಯ ಮೇಲೆ 5ಜಿ ಎಂದು ದೊಡ್ಡದಾಗಿ ಬರೆದಿತ್ತು. ಅಷ್ಟು ಸಾಕು ಅಂದುಕೊಂಡೆ.

ಮೆಲ್ಬರ್ನ್‌ನಲ್ಲಿ ಇಳಿದು ಅಲ್ಲಿನ ಸಿಮ್ ಹಾಕಿದಾಗ ಮೊದಲು ಎಲ್ಲ ಸರಿಯಿತ್ತು. ಇಂಟರ್ನೆಟ್ ಬಂತು, ವಿಡಿಯೊ ಕಾಲ್‌ನಲ್ಲಿ ಅಮ್ಮನಿಗೆ ರೂಮು ತೋರಿಸಿದ್ದೂ ಆಯಿತು. ಆಮೇಲೆ ಸಿಮ್ ಕಂಪನಿಯಿಂದ ಒಂದು ಮೆಸೇಜ್ ಬಂತು: ನಿಮ್ಮ ಫೋನಿನಿಂದ ತುರ್ತು ಕರೆ ಮಾಡಲು ಆಗುವುದಿಲ್ಲ, ಆದ್ದರಿಂದ ಇದಕ್ಕೆ ನಮ್ಮ ನೆಟ್‌ವರ್ಕ್ ಕೊಡಲು ಬರುವುದಿಲ್ಲ. ಹೇಳಿದಂತೆಯೇ ಕೆಲವೇ ದಿನಗಳಲ್ಲಿ ನೆಟ್‌ವರ್ಕ್ ಹೋಯಿತು. ಹಾಸ್ಟೆಲ್‌ನ ವೈಫೈನಲ್ಲಿ ವಾಟ್ಸ್‌ಆ್ಯಪ್ ನಡೆಯುತ್ತಿದ್ದುದರಿಂದ ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗಿದ್ದು ಪಾರ್ಟ್‌ಟೈಮ್ ಕೆಲಸ ಕೈತಪ್ಪಿದ ಮೇಲೆ. ಅಕ್ಕ ಅರ್ಜಿ ಕೊಟ್ಟಿದ್ದ ಕೆಫೆಯವರು ಎರಡು ಸಲ ಫೋನ್ ಮಾಡಿದ್ದರಂತೆ, ಸಿಗಲಿಲ್ಲ, ಬೇರೆಯವರನ್ನು ತೆಗೆದುಕೊಂಡರು. ‘ಲೋ, ನೀನು ಆರಿಸಿದ ಫೋನು ಇಲ್ಲಿ ಬರೀ ಕ್ಯಾಮೆರಾ ಆಗಿದೆ ನೋಡೋ’ ಎಂದು ಅಕ್ಕ ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ. ಎಜುಕೇಶನ್ ಲೋನ್ ದುಡ್ಡಿನಲ್ಲಿ ಅವಳು ಇನ್ನೊಂದು ಫೋನ್ ಕೊಳ್ಳಬೇಕಾಯಿತು.

ಹೊಚ್ಚಹೊಸ ಫೋನು, ಕೆಟ್ಟಿಲ್ಲ, ಕದ್ದದ್ದಲ್ಲ. ಆದರೂ ಒಂದು ದೇಶ ಅದನ್ನು ಬೇಡವೆನ್ನುವುದು ಹೇಗೆ? ಸೆಲ್ಯುಲಾರ್ ನೆಟ್‌ವರ್ಕ್ ಎಂದರೆ ನೋಟ್‌ಬುಕ್ ತುಂಬ ಷಟ್ಕೋನ ಬರೆದು ಅಂಕ ತೆಗೆದುಕೊಂಡಿದ್ದ ನಾನು, ಆಗ ಮೊದಲ ಸಲ ನಿಜವಾಗಿ ಓದಲು ಕೂತೆ.

ಆಸ್ಟ್ರೇಲಿಯಾದಲ್ಲಿ ಟೆಲ್‌ಸ್ಟ್ರಾ ಮತ್ತು ಆಪ್ಟಸ್ ಕಂಪನಿಗಳು 2024ರ ಅಕ್ಟೋಬರ್ 28ರಿಂದ ತಮ್ಮ 3ಜಿ ಜಾಲವನ್ನು ಮುಚ್ಚತೊಡಗಿದವು. ಮೂರನೆಯ ದೊಡ್ಡ ಕಂಪನಿ ಅದಕ್ಕೂ ಮುಂಚೆಯೇ ಮುಚ್ಚಿತ್ತು. ನಮ್ಮ 112 ಇದ್ದಂತೆ ಅಲ್ಲಿ ತುರ್ತು ಕರೆಗೆ ಇರುವ ಸಂಖ್ಯೆ 000. ಕೆಲವು ಫೋನ್‌ಗಳು ಸಾಮಾನ್ಯ ಕರೆಯನ್ನು 4ಜಿಯಲ್ಲಿ ಮಾಡುತ್ತವೆ, ಆದರೆ ತುರ್ತು ಕರೆ ಬಂದಾಗ ಮಾತ್ರ 3ಜಿಯನ್ನು ಹುಡುಕುತ್ತವೆ. 3ಜಿಯೇ ಇಲ್ಲದ ಮೇಲೆ ಆ ಕರೆ ಹೋಗುವುದೇ ಇಲ್ಲ. ಬೆಂಕಿ ಬಿದ್ದಾಗ, ಅಪಘಾತವಾದಾಗ ಫೋನ್ ಕೈಕೊಟ್ಟರೆ ಏನು ಗತಿ ಎಂದು ಅಲ್ಲಿನ ಸರ್ಕಾರ ನಿಯಮ ಮಾಡಿತು: 000ಕ್ಕೆ ಕರೆ ಮಾಡಲಾಗದ ಫೋನಿಗೆ ಯಾವ ಕಂಪನಿಯೂ ಸೇವೆ ಕೊಡಬಾರದು. ಬೇರೆ ದೇಶಕ್ಕೆಂದು ತಯಾರಾದ ಫೋನ್‌ಗಳು ಹೊಸದಾಗಿದ್ದರೂ ಈ ಬಲೆಗೆ ಬಿದ್ದವು. ನಿಯಮ ತಪ್ಪು ಎಂದು ನಾನು ಹೇಳಲಾರೆ. ಜೀವದ ಪ್ರಶ್ನೆ. ಆದರೆ ದಾವಣಗೆರೆಯ ಅಂಗಡಿಯಲ್ಲಿ ನಿಂತವನಿಗೆ ಇದು ಗೊತ್ತಾಗುವುದು ಎಲ್ಲಿಂದ?

ಇಲ್ಲಿ ಒಂದು ಸೂಕ್ಷ್ಮ ಇದೆ. 4ಜಿ ಹುಟ್ಟಿದ್ದು ಡೇಟಾಕ್ಕಾಗಿ, ಮಾತಿಗಾಗಿ ಅಲ್ಲ. ಹಾಗಾಗಿ ಮೊದಮೊದಲು 4ಜಿ ಫೋನ್‌ಗಳು ಕರೆ ಬಂದ ಕೂಡಲೇ ಸದ್ದಿಲ್ಲದೆ 3ಜಿಗೋ 2ಜಿಗೋ ಇಳಿದು ಮಾತಾಡಿಸಿ, ಮುಗಿದ ಮೇಲೆ ಮತ್ತೆ 4ಜಿಗೆ ಏರುತ್ತಿದ್ದವು. ಮಾತನ್ನೂ 4ಜಿಯಲ್ಲೇ ಕಳಿಸುವ ವಿಧಾನ ವೋಲ್ಟೆ. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದಾಗ ಅದಕ್ಕೆ 2ಜಿ, 3ಜಿ ಎರಡೂ ಇರಲಿಲ್ಲ, ಬರೀ 4ಜಿ. ಆಗಲೇ ವೋಲ್ಟೆ ಎಂಬ ಪದ ನಮ್ಮ ಹಳ್ಳಿಯ ರೀಚಾರ್ಜ್ ಅಂಗಡಿಯವರ ಬಾಯಿಗೂ ಬಂದದ್ದು. ಆದರೆ ವೋಲ್ಟೆ ಎಂದರೆ ಎಲ್ಲ ಕಡೆ ಒಂದೇ ರೀತಿ ಓಡುವ ಯಂತ್ರವಲ್ಲ. ಒಂದೊಂದು ನೆಟ್‌ವರ್ಕ್‌ಗೂ ಬೇಕಾದ ಹೊಂದಾಣಿಕೆಯನ್ನು ಫೋನ್ ತಯಾರಕರು ಸಾಫ್ಟ್‌ವೇರ್‌ನಲ್ಲಿ ಸೇರಿಸಿರಬೇಕು, ಎಷ್ಟೋ ಕಡೆ ಆ ನೆಟ್‌ವರ್ಕ್‌ನವರೂ ಆ ಮಾಡೆಲ್ ಅನ್ನು ಒಪ್ಪಿರಬೇಕು. ಇಲ್ಲಿನ ಸಿಮ್‌ಗಳಲ್ಲಿ ಚೆನ್ನಾಗಿ ಮಾತಾಡುವ ಫೋನ್ ಅಲ್ಲಿ ಮೂಗನಾಗುವುದು ಹೀಗೆ. ಅಮೆರಿಕದ ದೊಡ್ಡ ಕಂಪನಿಗಳೂ 2022ರಲ್ಲಿ 3ಜಿ ಮುಚ್ಚಿದವು. ಜರ್ಮನಿ 2021ರಲ್ಲೇ 3ಜಿ ಮುಚ್ಚಿದರೂ 2ಜಿಯನ್ನು ಉಳಿಸಿಕೊಂಡಿತು. ಹಾಗಾಗಿ ಅಜ್ಜನ ಕೀಪ್ಯಾಡ್ ಫೋನ್ ಬರ್ಲಿನ್‌ನಲ್ಲಿ ರಿಂಗಾದೀತು, ಮೆಲ್ಬರ್ನ್‌ನಲ್ಲಿ ಆಗದು. ತಮಾಷೆಯಂತೆ ಕಂಡರೂ ನಿಜ.

ಈ ಗೋಜಲನ್ನು ಬಿಡಿಸಲೆಂದೇ ಹುಟ್ಟಿದ್ದು ಜಿಎಸ್‌ಎಂ ಎಂಬುದು ಓದುತ್ತಾ ಹೋದಂತೆ ಗೊತ್ತಾಯಿತು. 1980ರ ದಶಕದಲ್ಲಿ ಯುರೋಪಿನ ಒಂದೊಂದು ದೇಶಕ್ಕೆ ಒಂದೊಂದು ಬಗೆಯ ಮೊಬೈಲ್ ವ್ಯವಸ್ಥೆ ಇತ್ತು, ಗಡಿ ದಾಟಿದರೆ ಫೋನ್ ದಂಡ. ಎಲ್ಲರೂ ಸೇರಿ ಒಂದೇ ಮಾನದಂಡ ಮಾಡೋಣ ಎಂದು ಹೊರಟು, 1991ರಲ್ಲಿ ಫಿನ್ಲೆಂಡ್‌ನಲ್ಲಿ ಮೊದಲ ಜಿಎಸ್‌ಎಂ ಕರೆ ಮಾಡಿದರು. ಭಾರತವೂ ಅದನ್ನೇ ಆರಿಸಿಕೊಂಡಿತು. 1995ರ ಜುಲೈ 31ರಂದು ಕೋಲ್ಕತ್ತದಿಂದ ಜ್ಯೋತಿ ಬಸು ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖರಾಂ ಅವರಿಗೆ ಮಾಡಿದ ಕರೆ ನಮ್ಮ ದೇಶದ ಮೊದಲ ಮೊಬೈಲ್ ಕರೆ. ಆಮೇಲೆ ಸಿಡಿಎಂಎ ಬಂತು. ಅಪ್ಪನ ಬಳಿ ಆ ಕಾಲದ ಒಂದು ಫೋನ್ ಇನ್ನೂ ಇದೆ, ಸಿಮ್ ಹಾಕುವ ಜಾಗವೇ ಇಲ್ಲ. ಕಂಪನಿ ಬಿಟ್ಟರೆ ಫೋನನ್ನೂ ಬಿಡಬೇಕು. ‘ಆಗ ಅಷ್ಟು ಅಗ್ಗಕ್ಕೆ ಇನ್ಯಾರು ಕೊಡ್ತಿದ್ರು’ ಎಂದು ಅಪ್ಪ ಈಗಲೂ ಅದರ ಪರ ವಾದಿಸುತ್ತಾರೆ.

4ಜಿ ಬಂದಾಗ ಜಿಎಸ್‌ಎಂ, ಸಿಡಿಎಂಎ ಜಗಳ ಮುಗಿಯಿತು, ಜಗತ್ತಿಗೆಲ್ಲ ಒಂದೇ ಮಾನದಂಡ ಎಂದು ನಮ್ಮ ಪಠ್ಯದಲ್ಲಿ ಬರೆದಿದೆ. ಸುಳ್ಳಲ್ಲ. ಆದರೆ ಭಾಷೆ ಒಂದಾದರೂ ಬ್ಯಾಂಡ್ ಒಂದಾಗಲಿಲ್ಲ. ರೇಡಿಯೊದಲ್ಲಿ ಒಂದೊಂದು ಸ್ಟೇಷನ್‌ಗೆ ಒಂದೊಂದು ತರಂಗಾಂತರ ಇರುವ ಹಾಗೆ, ಒಂದೊಂದು ದೇಶ ತನ್ನಲ್ಲಿ ಖಾಲಿ ಇದ್ದ ತರಂಗಾಂತರಗಳನ್ನು ಮೊಬೈಲ್‌ಗೆ ಕೊಟ್ಟಿದೆ. ಅವಕ್ಕೆ ಬ್ಯಾಂಡ್ ಸಂಖ್ಯೆಗಳಿವೆ. ನಮ್ಮಲ್ಲಿ 4ಜಿ ಮುಖ್ಯವಾಗಿ ನಡೆಯುವುದು 1, 3, 5, 8, 40, 41ನೇ ಬ್ಯಾಂಡ್‌ಗಳಲ್ಲಿ. ಅಮೆರಿಕದಲ್ಲಿ ಮುಖ್ಯವಾದವು 2, 4, 12, 13, 66, 71. ಎರಡು ಪಟ್ಟಿಗಳನ್ನು ಒಮ್ಮೆ ಪಕ್ಕಪಕ್ಕ ಇಟ್ಟು ನೋಡಿ. ಇಲ್ಲಿನ ಬ್ಯಾಂಡ್‌ಗಳಿಗಷ್ಟೇ ತಯಾರಾದ ಅಗ್ಗದ ಫೋನಿಗೆ ಅಲ್ಲಿ ಒಂದೋ ಎರಡೋ ಬ್ಯಾಂಡ್ ಸಿಕ್ಕರೆ ಪುಣ್ಯ. ಅದರಲ್ಲೂ 12, 13, 71 ಕಡಿಮೆ ತರಂಗಾಂತರದವು, 600-700 ಮೆಗಾಹರ್ಟ್ಸ್ ಆಸುಪಾಸಿನವು. ದೂರ ಹೋಗುವುದು, ಗೋಡೆ ದಾಟಿ ಮನೆಯೊಳಗೆ ಬರುವುದು ಇವೇ. ಇವಿಲ್ಲದ ಫೋನ್ ರಸ್ತೆಯಲ್ಲಿ ನಾಲ್ಕು ಕಡ್ಡಿ ತೋರಿಸಿ, ಲೈಬ್ರರಿಯ ನೆಲಮಾಳಿಗೆಗೆ ಇಳಿದ ಕೂಡಲೇ ಸತ್ತುಬಿದ್ದಂತಾಗುತ್ತದೆ. ಯುರೋಪಿಗೆ ಹೋಗುವವರು 20ನೇ ಬ್ಯಾಂಡ್, ಆಸ್ಟ್ರೇಲಿಯಾಕ್ಕೆ ಹೋಗುವವರು 28ನೇ ಬ್ಯಾಂಡ್ ಇದೆಯೇ ಎಂದು ನೋಡಬೇಕಾದದ್ದು ಇದೇ ಕಾರಣಕ್ಕೆ.

ಆ 28ರಲ್ಲಿ ನಾನು ಮೋಸಹೋಗುವುದರಲ್ಲಿದ್ದೆ. ನಮ್ಮಲ್ಲಿ ಜಿಯೊ 5ಜಿಗೆ 700 ಮೆಗಾಹರ್ಟ್ಸ್ ಬಳಸುವುದರಿಂದ ಇಲ್ಲಿನ 5ಜಿ ಫೋನ್‌ಗಳ ಪಟ್ಟಿಯಲ್ಲಿ ‘ಎನ್28’ ಎಂದು ಸಾಮಾನ್ಯವಾಗಿ ಇರುತ್ತದೆ. ಅದನ್ನು ನೋಡಿ 28 ಇದೆಯಲ್ಲ ಎಂದು ಸಮಾಧಾನಪಡಬೇಡಿ. ಮುಂದೆ ‘ಎನ್’ ಇದ್ದರೆ ಅದು 5ಜಿ ಬ್ಯಾಂಡ್. 4ಜಿಯಲ್ಲಿ ಅದೇ 28 ಬೇರೆಯಾಗಿ ಬರೆದಿರಬೇಕು.

ಹಾಗಾದರೆ ತಯಾರಕರು ಎಲ್ಲ ಬ್ಯಾಂಡ್‌ಗಳನ್ನೂ ಕೊಟ್ಟುಬಿಟ್ಟರೆ ಆಗದೇ? ಒಂದೊಂದು ಬ್ಯಾಂಡ್‌ಗೂ ಫಿಲ್ಟರ್, ಆಂಪ್ಲಿಫೈಯರ್, ಪರೀಕ್ಷೆ ಎಂದು ಖರ್ಚಿದೆ. ಹದಿನೈದು ಸಾವಿರದ ಫೋನಿನಲ್ಲಿ ಅದನ್ನು ಉಳಿಸುತ್ತಾರೆ. ಅದಕ್ಕೇ ಒಂದೇ ಹೆಸರಿನ ಫೋನು ಭಾರತದಲ್ಲಿ ಒಂದು ಮಾಡೆಲ್ ನಂಬರ್, ಅಮೆರಿಕದಲ್ಲಿ ಇನ್ನೊಂದು, ಯುರೋಪಿನಲ್ಲಿ ಮತ್ತೊಂದು. ಹೊರಗೆ ಬಣ್ಣ, ಗಾತ್ರ ಎಲ್ಲ ಒಂದೇ, ಒಳಗೆ ರೇಡಿಯೊ ಬೇರೆ. ಹೆಸರು ನೋಡಿ ಕೊಂಡವನಿಗೆ ಇದು ಕಾಣುವುದೇ ಇಲ್ಲ.

ನಾವೇ ಒಂದು ಬೇರೆ ದಾರಿ ಹಿಡಿಯಲು ಹೊರಟಿದ್ದೆವು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ, ಇಸಿ ಓದುವವರಿಗೆ ಇದು ಹೆಮ್ಮೆಯ ವಿಷಯವೂ ಹೌದು. ಐಐಟಿ ಹೈದರಾಬಾದ್, ಐಐಟಿ ಮದ್ರಾಸ್‌ನಂಥ ಕಡೆ ನಡೆದ ಕೆಲಸದಿಂದ ‘5ಜಿಐ’ ಎಂಬ ಮಾನದಂಡ ರೂಪುಗೊಂಡಿತು. ಟವರ್‌ಗಳು ದೂರ ದೂರ ಇರುವ ನಮ್ಮ ಹಳ್ಳಿಗಳಿಗೆ ಸಿಗ್ನಲ್ ಮುಟ್ಟಿಸುವುದು ಅದರ ಉದ್ದೇಶ. 2020ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವೂ ಅದನ್ನು ಒಪ್ಪಿತು. ಆದರೆ ಪ್ರತ್ಯೇಕವಾಗಿ ಜಾರಿಗೆ ತಂದರೆ ಫೋನೂ ಬೇರೆ, ಉಪಕರಣವೂ ಬೇರೆ, ಬೆಲೆ ಹೆಚ್ಚು ಎಂದು ಟೆಲಿಕಾಂ ಕಂಪನಿಗಳು ಬೇಡವೆಂದವು. ಕೊನೆಗೆ ಅದು ಜಾಗತಿಕ 5ಜಿ ಮಾನದಂಡದೊಳಗೇ ಸೇರಿಕೊಂಡಿತು. ನನ್ನ ಕ್ಲಾಸಿನಲ್ಲಿ ಅರ್ಧ ಜನಕ್ಕೆ ಇದು ಸೋಲು ಅನ್ನಿಸಿದೆ. ಅಕ್ಕನ ಫೋನ್ ಪ್ರಸಂಗ ಆದಮೇಲೆ ನನಗಂತೂ ಹಾಗನ್ನಿಸುವುದಿಲ್ಲ.

ನನ್ನ ತಕರಾರು ಇರುವುದು ಮಾರುವವರ ಮೇಲೆ, ಹೇಳುವವರ ಮೇಲೆ, ಮತ್ತೆ ನನ್ನಂಥ ಸಲಹೆಗಾರರ ಮೇಲೆ. ಇಷ್ಟೊಂದು ಮಕ್ಕಳು ಓದಲು, ದುಡಿಯಲು ಹೊರದೇಶಕ್ಕೆ ಹೋಗುವ ಕಾಲದಲ್ಲಿ ಡಬ್ಬಿಯ ಮೇಲೆ ಬ್ಯಾಂಡ್‌ಗಳ ಪಟ್ಟಿಯನ್ನು ಕಣ್ಣಿಗೆ ಕಾಣುವಂತೆ ಏಕೆ ಅಚ್ಚು ಹಾಕಬಾರದು? ಬಿಸ್ಕತ್ತಿನ ಪ್ಯಾಕೆಟ್ ಮೇಲೆ ಸಕ್ಕರೆ ಎಷ್ಟೆಂದು ಬರೆಯುತ್ತಾರೆ. ಯೂಟ್ಯೂಬ್ ರಿವ್ಯೂಗಳಲ್ಲಿ ಹದಿನೈದು ನಿಮಿಷದಲ್ಲಿ ಹತ್ತು ನಿಮಿಷ ಕ್ಯಾಮೆರಾ, ಬ್ಯಾಂಡ್‌ಗೆ ಅರ್ಧ ನಿಮಿಷ ಸಿಕ್ಕರೆ ದೊಡ್ಡದು. ಅಕ್ಕ ಹೋಗಿದ್ದ ಏಜೆನ್ಸಿಯವರು ಕುಕ್ಕರ್, ಉಪ್ಪಿನಕಾಯಿ, ಪ್ಲಗ್ ಅಡಾಪ್ಟರ್‌ವರೆಗೂ ಪಟ್ಟಿ ಕೊಟ್ಟಿದ್ದರು. ಫೋನ್ ಬಗ್ಗೆ ಒಂದು ಸಾಲಿಲ್ಲ.

ಹಾಗಾಗಿ ಹೊರಡುವವರಿಗೆ ನಾನು ಈಗ ಹೇಳುವುದು ಇಷ್ಟು: ಆಸ್ಟ್ರೇಲಿಯಾ, ಅಮೆರಿಕಕ್ಕೆ ಹೋಗುತ್ತಿದ್ದರೆ ಇಲ್ಲಿಂದ ಹೊಸ ಫೋನ್ ಕೊಂಡು ಹೋಗಲೇಬೇಡಿ. ಅಲ್ಲಿ ಬೆಲೆ ಜಾಸ್ತಿ ಎಂದು ನನ್ನ ಗೆಳೆಯ ವಾದಿಸುತ್ತಾನೆ, ಇರಬಹುದು, ಆದರೆ ಎರಡು ಫೋನ್ ಬೆಲೆಗಿಂತ ಕಡಿಮೆ ತಾನೇ? ಇರುವ ಹಳೆಯ ಫೋನನ್ನೇ ಒಯ್ದು, ಅಲ್ಲಿ ಸಾಧಾರಣದ್ದೊಂದು ಕೊಳ್ಳಿ. ಅದೂ ‘ಅನ್‌ಲಾಕ್ಡ್’ ಇರಲಿ. ಅಮೆರಿಕದಲ್ಲಿ ಸಿಮ್ ಕಂಪನಿಗಳು ಕಂತಿನಲ್ಲಿ ಕೊಡುವ ಫೋನ್‌ಗಳಿಗೆ ಬೀಗ ಇರುತ್ತದೆ, ಬೇರೆ ಸಿಮ್ ಒಪ್ಪುವುದಿಲ್ಲ. ಅಲ್ಲಿಂದ ಮಾಮ ತಂದುಕೊಡುವ ಐಫೋನ್‌ಗೂ ಇದೇ ಮಾತು. ಜತೆಗೆ, 2022ರಲ್ಲಿ ಬಂದ ಐಫೋನ್ 14ರಿಂದ ಈಚೆಗೆ ಅಮೆರಿಕದ ಐಫೋನ್‌ಗಳಲ್ಲಿ ಸಿಮ್ ಹಾಕುವ ಜಾಗವೇ ಇಲ್ಲ, ಇ-ಸಿಮ್ ಮಾತ್ರ. ಅಪ್ಪನ ಸಿಡಿಎಂಎ ಫೋನ್ ನೆನಪಾಗುತ್ತದೆ.

ಇಲ್ಲಿಂದಲೇ ಕೊಳ್ಳಬೇಕೆಂದರೆ ಹೆಸರು ಬಿಟ್ಟು ಮಾಡೆಲ್ ನಂಬರ್ ಹಿಡಿಯಿರಿ. ಸೆಟ್ಟಿಂಗ್ಸ್‌ನ ‘ಅಬೌಟ್ ಫೋನ್’ನಲ್ಲಿ, ಡಬ್ಬಿಯ ಬದಿಯ ಸಣ್ಣ ಅಕ್ಷರದಲ್ಲಿ ಅದು ಇರುತ್ತದೆ. ಆ ನಂಬರಿನ ಬ್ಯಾಂಡ್ ಪಟ್ಟಿ ತಯಾರಕರ ವೆಬ್‌ಸೈಟ್‌ನಲ್ಲಿ ಸಿಗುತ್ತದೆ. ಆಮೇಲೆ *#06# ಒತ್ತಿ ಬರುವ ಐಎಂಇಐ ಸಂಖ್ಯೆಯನ್ನು ಹೋಗುವ ದೇಶದ ಸಿಮ್ ಕಂಪನಿಯ ವೆಬ್‌ಸೈಟ್‌ನಲ್ಲಿ ಹಾಕಿ ನೋಡಿ. ಎಷ್ಟೋ ಕಂಪನಿಗಳು ನಿಮ್ಮ ಫೋನ್ ನಡೆಯುತ್ತದೋ ಇಲ್ಲವೋ ಎಂದು ಅಲ್ಲೇ ಹೇಳುತ್ತವೆ. ಎರಡು ನಿಮಿಷದ ಕೆಲಸ. ನಾನು ಮಾಡಲಿಲ್ಲ.

ಇನ್ನೊಂದು, ಇಲ್ಲಿನ ನಂಬರನ್ನು ಸಾಯಲು ಬಿಡಬೇಡಿ. ಬ್ಯಾಂಕಿನ ಒಟಿಪಿ, ಆಧಾರ್, ಲೋನ್ ಖಾತೆ ಎಲ್ಲ ಅದಕ್ಕೇ ಅಂಟಿಕೊಂಡಿರುತ್ತವೆ. 90 ದಿನ ಬಳಸದೆ ಇಟ್ಟ ನಂಬರನ್ನು ಕಂಪನಿ ನಿಲ್ಲಿಸಬಹುದು, ಮುಂದೆ ಅದು ಬೇರೆಯವರ ಪಾಲಾಗಲೂಬಹುದು. ವಿಮಾನ ಹತ್ತುವ ಮೊದಲೇ ಇಂಟರ್‌ನ್ಯಾಷನಲ್ ರೋಮಿಂಗ್ ಚಾಲೂ ಮಾಡಿಸಿ, ರೀಚಾರ್ಜ್ ಜವಾಬ್ದಾರಿಯನ್ನು ಮನೆಯಲ್ಲಿ ಒಬ್ಬರಿಗೆ ಒಪ್ಪಿಸಿ ಹೋಗಿ. ನಮ್ಮ ಮನೆಯಲ್ಲಿ ಅದು ನನ್ನ ಪಾಲಿಗೆ ಬಂದಿದೆ, ಒಂದು ರೀತಿಯ ಶಿಕ್ಷೆ ಎನ್ನಿ.

ಆ ಫೋನನ್ನು ಅಕ್ಕ ರಜೆಗೆ ಬಂದ ಗೆಳತಿಯ ಕೈಲಿ ಕಳಿಸಿಕೊಟ್ಟಳು. ಈಗ ಅಮ್ಮ ಬಳಸುತ್ತಾಳೆ, ಅಡುಗೆಮನೆಯಲ್ಲೂ ನೆಟ್‌ವರ್ಕ್ ತುಂಬಿ ತುಳುಕುತ್ತದೆ. ಹೋದ ವಾರ ಎದುರುಮನೆಯ ಅಣ್ಣ ಬಂದಿದ್ದ, ಡಲ್ಲಾಸ್‌ಗೆ ಹೊರಟಿದ್ದಾನೆ, ಯಾವ ಫೋನ್ ಒಳ್ಳೇದು ಹೇಳೋ ಎಂದ. ‘ಅಣ್ಣಾ, ಅಲ್ಲಿ ಯಾವ ಕಂಪನಿ ಸಿಮ್ ತಗೋತೀಯ?’ ಎಂದು ಕೇಳಿದೆ. ಅವನು ಅದನ್ನಿನ್ನೂ ಯೋಚನೆ ಮಾಡಿಲ್ಲವಂತೆ. ಅಮ್ಮ ಒಳಗಿನಿಂದಲೇ, ‘ಅವನ ಮಾತು ಕೇಳಿ ತಗೋಬೇಡಪ್ಪಾ’ ಎಂದಳು.