ಆಫ್ರಿಕಾದ ನಕ್ಷೆ ಖಾಲಿ ಇಲ್ಲ ಸ್ವಾಮೀ, ಖಾಲಿ ಇರೋದು ನಮ್ಮ ತಲೆ!

"ಆಫ್ರಿಕಾಕ್ಕೆ ಪ್ರಾಚೀನ ಇತಿಹಾಸ ಎಲ್ಲಿದೆ ಗುರು? ಈಜಿಪ್ಟು, ಕಾರ್ಥೇಜು ಬಿಟ್ರೆ ಬರೀ ಮರಳು, ಕಾಡು, ಸಿಂಹ ತಾನೇ?"

ಈ ಮಾತನ್ನು ಏನೂ ಓದದವರು ಹೇಳಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಹೇಳುವವರು ನಮ್ಮಂಥವರೇ. ಇಂಜಿನಿಯರಿಂಗ್ ಮುಗಿಸಿದವರು, ರಾತ್ರಿ ಎರಡರವರೆಗೆ ಕೂತು ಸ್ಟ್ರಾಟೆಜಿ ಗೇಮ್ ಆಡುವವರು, ರೋಮ್‌ನ ಸೇನಾಪತಿಗಳ ಹೆಸರನ್ನು ಮಗ್ಗಿ ಥರ ಒಪ್ಪಿಸುವವರು! ಅದಕ್ಕೇ ಈ ಪೋಸ್ಟು. ಸ್ವಲ್ಪ ಖಾರ ಜಾಸ್ತಿಯಾದರೆ ನೀರು ಕುಡಿದು ಮುಂದೆ ಓದಿ.

ಗೊತ್ತಿಲ್ಲದವರಿಗೆ ಮೊದಲು ಪೀಠಿಕೆ. 'ಝೀರೋ ಎ.ಡಿ.' ಅಂತ ಒಂದು ಗೇಮ್ ಇದೆ. ಪ್ರಪಂಚದ ಬೇರೆ ಬೇರೆ ಮೂಲೆಗಳ ಸ್ವಯಂಸೇವಕರು ಸೇರಿ ಮಾಡುತ್ತಿರುವುದು. 2009ರಲ್ಲಿ ಅದರ ಸೋರ್ಸ್ ಕೋಡನ್ನು ಜಿಪಿಎಲ್ ಲೈಸೆನ್ಸಿನಡಿ ಬಿಡುಗಡೆ ಮಾಡಿದರು. ಚಿತ್ರ, ಸಂಗೀತ ಎಲ್ಲ ಕ್ರಿಯೇಟಿವ್ ಕಾಮನ್ಸ್. ಕಾಸು ಕೊಡಬೇಕಿಲ್ಲ ಅನ್ನೋದಷ್ಟೇ ಅಲ್ಲ, ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು. ಕಾಲ ಕ್ರಿ.ಪೂ. 500ರಿಂದ ಈಚೆಗೆ. (ಸೊನ್ನೆ ಅನ್ನುವ ಇಸವಿಯೇ ಇಲ್ಲ, ಕ್ರಿ.ಪೂ. 1 ಆದಮೇಲೆ ನೇರ ಕ್ರಿ.ಶ. 1. ಹೆಸರಿನಲ್ಲೇ ಒಂದು ತಮಾಷೆ ಇಟ್ಟಿದ್ದಾರೆ!) ಗ್ರೀಕರು, ರೋಮನ್ನರು, ಪರ್ಷಿಯನ್ನರು, ನಮ್ಮ ಮೌರ್ಯರು ಎಲ್ಲ ಇದ್ದಾರೆ. 2018ರ ಆಲ್ಫಾ 23ರಲ್ಲಿ ಕುಶ್ ಸಾಮ್ರಾಜ್ಯವನ್ನೂ ಸೇರಿಸಿದರು. ಕುಶ್ ಅಂದರೆ ಇವತ್ತಿನ ಸೂಡಾನ್‌ನ ನೈಲ್ ದಂಡೆಯ ರಾಜ್ಯ.

ಶುರುವಾಯ್ತು ನೋಡಿ ಗೊಣಗಾಟ. "ಇದೆಲ್ಲ ಪೊಲಿಟಿಕಲ್ ಕರೆಕ್ಟ್‌ನೆಸ್" ಅಂತ ಒಬ್ಬ. "ಈಜಿಪ್ಟಿನ ಝೆರಾಕ್ಸ್ ಕಾಪಿ" ಅಂತ ಇನ್ನೊಬ್ಬ.

ಝೆರಾಕ್ಸ್ ಕಾಪಿಯೇ? ಕ್ರಿ.ಪೂ. 8ನೇ ಶತಮಾನದಲ್ಲಿ ಕುಶ್‌ನ ದೊರೆ ಪಿಯೆ ಈಜಿಪ್ಟನ್ನೇ ಗೆದ್ದ. ಅವನ ವಂಶವನ್ನೇ ಈಜಿಪ್ಟಿನ 25ನೇ ರಾಜವಂಶ ಅನ್ನೋದು. ಆಮೇಲೆ ಮೆರೊಯಿ ನಗರ ರಾಜಧಾನಿಯಾದಾಗ ಅಲ್ಲಿ ಸಿಂಹಮುಖದ ಅಪೆಡೆಮಾಕ್ ಅನ್ನುವ ದೇವರಿಗೆ ಗುಡಿಗಳು ಎದ್ದವು. ಈ ದೇವರು ಈಜಿಪ್ಟಿನಿಂದ ತಂದದ್ದಲ್ಲ. ಅವರಿಗೆ ಅವರದೇ ಲಿಪಿ ಇತ್ತು. 1911ರ ಹೊತ್ತಿಗೆ ಗ್ರಿಫಿತ್ ಅನ್ನುವ ವಿದ್ವಾಂಸ ಅದರ ಅಕ್ಷರಗಳ ಉಚ್ಚಾರಣೆ ಕಂಡುಹಿಡಿದ. ಓದಬಹುದು, ಆದರೆ ಭಾಷೆಯ ಬಹುಪಾಲು ಇವತ್ತಿಗೂ ಅರ್ಥವಾಗಿಲ್ಲ. ಅಲ್ಲಿನ ಪಿರಮಿಡ್ಡುಗಳು ಚಿಕ್ಕವು, ಕಡಿದಾದವು, ಆದರೆ ಲೆಕ್ಕ ಹಾಕಿದರೆ ಈಜಿಪ್ಟಿನಲ್ಲಿರುವುದಕ್ಕಿಂತ ಜಾಸ್ತಿ!

ಇನ್ನು ರೋಮ್ ಭಕ್ತರಿಗೆ ಒಂದು ಕಥೆ. ಕ್ರಿ.ಪೂ. 25ರ ಸುಮಾರಿಗೆ ಕುಶ್ ಸೇನೆ ರೋಮನ್ ಈಜಿಪ್ಟಿನ ಗಡಿ ದಾಟಿ ಆಸ್ವಾನ್ ಪಟ್ಟಣಕ್ಕೆ ನುಗ್ಗಿತು. ಆಗಿನ 'ಕಂಡಾಕೆ', ಅಂದರೆ ರಾಣಿ, ಅಮನಿರೆನಾಸ್ ಅಂತ ಇತಿಹಾಸಕಾರರು ಗುರುತಿಸುತ್ತಾರೆ. ರೋಮನ್ನರು ತಿರುಗಿಬಿದ್ದು ನಪಾಟಾ ನಗರವನ್ನು ಸುಟ್ಟರು, ನಿಜ. ಆದರೆ ಕೊನೆಗೆ ಏನಾಯ್ತು? ಕುಶ್ ರಾಯಭಾರಿಗಳು ಸಾಮೋಸ್ ದ್ವೀಪದಲ್ಲಿ ಚಕ್ರವರ್ತಿ ಅಗಸ್ಟಸ್‌ನನ್ನೇ ಕಂಡು ಮಾತಾಡಿದರು, ಅವನು ಹೇರಿದ್ದ ಕಪ್ಪವನ್ನು ಮನ್ನಾ ಮಾಡಿದ. 1910ರಲ್ಲಿ ಮೆರೊಯಿಯಲ್ಲಿ ಒಂದು ಕಟ್ಟಡದ ಮೆಟ್ಟಿಲ ಬುಡದಲ್ಲಿ ಅಗಸ್ಟಸ್‌ನ ಕಂಚಿನ ತಲೆ ಸಿಕ್ಕಿತು. ಒಳಗೆ ಹೋಗುವವರೆಲ್ಲ ಅವನ ತಲೆ ತುಳಿದುಕೊಂಡು ಹೋಗಲಿ ಅಂತ ಹೂತಿದ್ದರು! ಆ ತಲೆ ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಇಂಥ ರಾಜ್ಯವನ್ನು ಗೇಮಿಗೆ ಸೇರಿಸೋಕೆ 'ಕರೆಕ್ಟ್‌ನೆಸ್' ಬೇಕಾ?

ಈ 'ಝೆರಾಕ್ಸ್' ಮಾತು ಗೇಮರುಗಳು ಹುಟ್ಟಿಸಿದ್ದೇನಲ್ಲ ಬಿಡಿ. ನೂರು ವರ್ಷದ ಹಿಂದೆ ಅಲ್ಲಿ ಅಗೆದ ದೊಡ್ಡ ಪುರಾತತ್ವಜ್ಞ ಜಾರ್ಜ್ ರೈಸ್ನರ್, ಕೆರ್ಮಾದಲ್ಲಿ ಸಿಕ್ಕಿದ ಭಾರಿ ಸಮಾಧಿಗಳನ್ನು ನೋಡಿ ಇವು ಈಜಿಪ್ಟಿನ ಅಧಿಕಾರಿಗಳದ್ದೇ ಇರಬೇಕು ಅಂದುಬಿಟ್ಟ. ಅಷ್ಟು ದೊಡ್ಡದನ್ನು ಸ್ಥಳೀಯರು ಕಟ್ಟಿದರು ಅನ್ನೋದು ಆತನ ತಲೆಗೆ ಹೋಗಲೇ ಇಲ್ಲ. ಸ್ವಿಟ್ಜರ್ಲೆಂಡಿನ ಶಾರ್ಲ್ ಬೊನೆ ದಶಕಗಟ್ಟಲೆ ಅಗೆದು ಅದು ಸ್ಥಳೀಯ ರಾಜ್ಯವೇ ಅಂತ ತೋರಿಸಬೇಕಾಯಿತು. ಸಾಕ್ಷಿ ಕಣ್ಣ ಮುಂದೆ ಇದ್ದರೂ ಪೂರ್ವಗ್ರಹ ಹೇಗೆ ಓದಿಸುತ್ತೆ ನೋಡಿ.

ಸರಿ, ಈಗ ನನ್ನ ನಿಜವಾದ ಜಗಳಕ್ಕೆ ಬರೋಣ. ಅದು ಮ್ಯಾಪ್ ಮಾಡುವವರ ಜೊತೆ.

ಗೇಮಿನಲ್ಲಿ ರಾಜರ ಹೆಸರು, ಗುರಾಣಿಯ ಬಣ್ಣ ಎಲ್ಲ ಸರಿಯಿದೆಯಾ ಅಂತ ಜನ ಗಂಟೆಗಟ್ಟಲೆ ಚರ್ಚೆ ಮಾಡುತ್ತಾರೆ. ನೆಲದ ಬಗ್ಗೆ ಮಾತ್ರ ಯಾರಿಗೂ ಚಿಂತೆಯಿಲ್ಲ. 'ಆಫ್ರಿಕಾ' ಅಂದ ತಕ್ಷಣ ಮರಳಿನ ಟೆಕ್ಸ್ಚರ್ ಬಳಿ, ನಾಲ್ಕು ಖರ್ಜೂರದ ಮರ ನೆಡು, ಎರಡು ಸಿಂಹ ಬಿಡು, ಮುಗೀತು! ಆಟ ಆಡುವವನು ಪುಸ್ತಕ ಓದಲ್ಲ ಸ್ವಾಮೀ, ನೆಲವನ್ನೇ ನೋಡ್ತಾನೆ. ಅವನ ಇತಿಹಾಸದ ಪಾಠ ಅದೇ.

ಮೊದಲು ಮರಳಿನ ಸುಳ್ಳು. ಮೆರೊಯಿ ಇದ್ದ ಬುಟಾನಾ ಪ್ರದೇಶಕ್ಕೆ ಬೇಸಿಗೆಯ ಮಳೆ ಬರುತ್ತೆ. ಆ ಮಳೆ ನೀರನ್ನು ಹಿಡಿಯೋಕೆ ಅವರು 'ಹಫೀರ್'ಗಳನ್ನು ಕಟ್ಟಿದರು. ಮಣ್ಣಿನ ಏರಿ ಹಾಕಿ ನೀರು ನಿಲ್ಲಿಸೋದು. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಕೆರೆ! ಮುಸವ್ವರಾತ್‌ನಲ್ಲಿರುವ ದೊಡ್ಡ ಹಫೀರ್ ಸುಮಾರು 250 ಮೀಟರ್ ಅಗಲ. ಮೆರೊಯಿಯಲ್ಲಿ ಕಬ್ಬಿಣ ಕರಗಿಸಿದ ಕಿಟ್ಟದ ಗುಡ್ಡೆಗಳು ಇವತ್ತಿಗೂ ಬಿದ್ದಿವೆ. ಕಬ್ಬಿಣ ಕರಗಿಸೋಕೆ ಇದ್ದಿಲು ಬೇಕು, ಇದ್ದಿಲಿಗೆ ಮರ ಬೇಕು. ಮರವೇ ಇಲ್ಲದ ಮರಳಿನ ಮ್ಯಾಪಿನಲ್ಲಿ ಅಷ್ಟೊಂದು ಕಿಟ್ಟ ಎಲ್ಲಿಂದ ಬಂತು? ಇದಕ್ಕೆ ಪುರಾತತ್ವ ಬೇಡ, ಲಾಜಿಕ್ ಸಾಕು.

ಎರಡನೆಯದು ನದಿಯ ಸುಳ್ಳು. ಆಸ್ವಾನ್‌ನಿಂದ ಖಾರ್ಟೂಮ್‌ವರೆಗೆ ನೈಲ್ ನದಿ ಆರು ಕಡೆ ಬಂಡೆಗಳ ಮಧ್ಯೆ ಒಡೆದು ಹರಿಯುತ್ತೆ. ದೊಡ್ಡ ಹಡಗು ದಾಟೋದು ಕಷ್ಟ. ಕುಶ್ ಅಷ್ಟು ಕಾಲ ಬಾಳಿದ್ದಕ್ಕೆ ಈ ಬಂಡೆಗಳೂ ಒಂದು ಕಾರಣ. ಹೆಚ್ಚಿನ ಮ್ಯಾಪುಗಳಲ್ಲಿ ನೈಲ್ ಅಂದ್ರೆ ಹೈವೇ ಥರ ನುಣ್ಣಗಿನ ನೀಲಿ ಪಟ್ಟಿ. ಈ ಗೇಮಿನ ಇಂಜಿನ್ನಿನಲ್ಲಿ ನೀರಿನ ಆಳದ ಮೇಲೆ ಯಾರು ದಾಟಬಹುದು ಅನ್ನೋದು ತೀರ್ಮಾನವಾಗುತ್ತೆ: ಆಳ ಕಮ್ಮಿಯಿದ್ದರೆ ಹಡಗು ಹೋಗಲ್ಲ, ಕಾಲಾಳು ನಡೆದು ದಾಟಬಹುದು. ಅಂದರೆ ಸೌಲಭ್ಯ ಇದೆ, ಬಳಸುವ ಮನಸ್ಸಿಲ್ಲ.

ಮೂರನೆಯದು ನನಗೆ ತುಂಬ ಸಿಟ್ಟು ಬರಿಸುವಂಥದ್ದು. "ನಾನು ಕೈಯಿಂದ ಗೀಚಿಲ್ಲ, ನಾಸಾದ ಡೇಟಾ ಹಾಕಿದ್ದೀನಿ" ಅಂತ ಎದೆಯುಬ್ಬಿಸುವವರು. ಬಹಳ ಜನ ಬಳಸೋದು ಎಸ್‌ಆರ್‌ಟಿಎಂ ಅನ್ನುವ ಎತ್ತರದ ಮಾಹಿತಿ. 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರೇಡಾರ್ ಹಾಕಿ ಅಳೆದದ್ದು. ರೇಡಾರು ನೀರಿನ ಮೇಲ್ಮೈ ನೋಡುತ್ತೆ, ತಳ ನೋಡಲ್ಲ. ಆಸ್ವಾನ್‌ನ ದೊಡ್ಡ ಅಣೆಕಟ್ಟು ಕಟ್ಟಿದ್ದು 1960ರಿಂದ 1970ರವರೆಗೆ. ಅದರ ಹಿನ್ನೀರು ಸುಮಾರು 500 ಕಿಲೋಮೀಟರ್ ಉದ್ದಕ್ಕೆ ಕೆಳ ನುಬಿಯಾದ ಕಣಿವೆಯನ್ನೇ ನುಂಗಿದೆ. ಹಳ್ಳಿ, ಕೋಟೆ, ಗುಡಿ, ಸ್ಮಶಾನ ಎಲ್ಲ ನೀರಡಿ. ನೀವು ಆ ಡೇಟಾವನ್ನು ಹಾಗೇ ತಂದು ಹಾಕಿದರೆ ಕ್ರಿ.ಪೂ. 3ನೇ ಶತಮಾನದ ನಕ್ಷೆಯಲ್ಲಿ 20ನೇ ಶತಮಾನದ ಜಲಾಶಯ ಬಂದು ಕೂರುತ್ತೆ! ಲಿಂಗನಮಕ್ಕಿ ಹಿನ್ನೀರನ್ನು ತೋರಿಸಿ "ಇದು ಕೆಳದಿ ನಾಯಕರ ಕಾಲದ ಸಮುದ್ರ" ಅಂದರೆ ಸಾಗರದ ಕಡೆಯವರು ಬಿಡ್ತಾರಾ? ಮುಳುಗಡೆ ಅಂದರೇನು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಅಣೆಕಟ್ಟಿನ ಮುಂಚಿನ ಸರ್ವೆ ನಕ್ಷೆಗಳನ್ನು ನೋಡಿ ಆ ಕಣಿವೆಯನ್ನು ಮತ್ತೆ ಕೆತ್ತಬೇಕು. ಕಷ್ಟದ ಕೆಲಸ, ಹೌದು. ಆದರೆ ಮಾಡಬಹುದಾದ ಕೆಲಸ.

"ಗೇಮ್ ಅಂದ್ಮೇಲೆ ಬ್ಯಾಲೆನ್ಸ್ ಬೇಕಲ್ಲಪ್ಪಾ" ಅಂತ ಇನ್ನೊಂದು ವಾದ. ಎಲ್ಲ ಆಟಗಾರರನ್ನು ದುಂಡಗೆ ಕೂರಿಸಿ ಸಮ ಸಮ ಕಲ್ಲು, ಲೋಹ, ಹಣ್ಣಿನ ಪೊದೆ ಕೊಡೋದು. ಸ್ಪರ್ಧೆಗೆ ಅದು ಬೇಕು, ಒಪ್ಪುತ್ತೇನೆ. ಆದರೆ ಸಮಪಾಲು ಕೊಡೋಕೆ ನೆಲವನ್ನು ಬೋಳು ಮಾಡಬೇಕಾ? ನದಿಯ ಎರಡೂ ದಂಡೆಗೆ ಒಂದೊಂದು ಕೆರೆ, ಒಂದೊಂದು ಜಾಲಿ ತೋಪು, ಮಧ್ಯೆ ಬಂಡೆಗಳ ದಾಟು ಇಟ್ಟರೆ ಬ್ಯಾಲೆನ್ಸೂ ಆಯ್ತು, ಇತಿಹಾಸವೂ ಆಯ್ತು. ರಾಂಡಮ್ ಮ್ಯಾಪುಗಳು ಜಾವಾಸ್ಕ್ರಿಪ್ಟಿನಲ್ಲಿವೆ ಕಣ್ರೀ. ಹಗಲೆಲ್ಲ ಅದನ್ನೇ ಬರೆದು ಸಂಬಳ ತಗೊಳ್ಳುವ ನಾವು ಇದು ಆಗಲ್ಲ ಅಂತ ಹೇಗೆ ಹೇಳೋದು?

ಇನ್ನೂ ಪಶ್ಚಿಮಕ್ಕೆ ಹೋಗಿ. ಲಿಬಿಯಾದ ಒಳನಾಡಿನಲ್ಲಿ ಗರಮಾಂಟೀಯರು ನೆಲದಡಿ ಕಾಲುವೆ ತೋಡಿ ಮರುಭೂಮಿಯಲ್ಲಿ ಬೆಳೆ ತೆಗೆದರು. ನೈಜೀರಿಯಾದಲ್ಲಿ ನೋಕ್ ಜನ ಕಬ್ಬಿಣ ಕರಗಿಸಿದರು, ಸುಟ್ಟ ಮಣ್ಣಿನಲ್ಲಿ ಅದ್ಭುತ ಮೂರ್ತಿಗಳನ್ನು ಮಾಡಿದರು. ಮಾಲಿಯ ಜೆನ್ನೆ-ಜೆನೊ ಕ್ರಿ.ಪೂ. 250ರ ಸುಮಾರಿಗೆ ಶುರುವಾಗಿ ದೊಡ್ಡ ಊರಾಗಿ ಬೆಳೆಯಿತು. ಅಲ್ಲಿ ಅಗೆದವರಿಗೆ ಅರಮನೆ ಸಿಗಲಿಲ್ಲ, ರಾಜನ ಗುರುತು ಸಿಗಲಿಲ್ಲ. ರಾಜ, ಕೋಟೆ, ಹೀರೋ ಇಲ್ಲದಿದ್ದರೆ ನಾಗರಿಕತೆಯೇ ಅಲ್ಲ ಅನ್ನುವ ನಮ್ಮ ಗೇಮುಗಳ ಅಚ್ಚಿಗೆ ಈ ಊರು ಹಿಡಿಸಲ್ಲ. ತಪ್ಪು ಊರಿನದ್ದಾ, ಅಚ್ಚಿನದ್ದಾ?

ಇದೆಲ್ಲ ಕನ್ನಡದಲ್ಲಿ ಯಾಕೆ ಬರೀತಿದ್ದೀಯಾ ಅಂತ ಕೇಳ್ತೀರಿ. ಕಾರಣ ನಿಮ್ಮ ತಟ್ಟೆಯಲ್ಲೇ ಇದೆ! ಜೋಳವನ್ನು ಪಳಗಿಸಿದ್ದಕ್ಕೆ ಈವರೆಗೆ ಸಿಕ್ಕ ಅತಿ ಹಳೆಯ ಪುರಾವೆ ಪೂರ್ವ ಸೂಡಾನಿನದು; ಕ್ರಿ.ಪೂ. 4ನೇ ಸಹಸ್ರಮಾನದ ಮಡಕೆ ಚೂರುಗಳಲ್ಲಿ ಸಿಕ್ಕ ಜೋಳದ ಗುರುತುಗಳು, 2017ರಲ್ಲಿ ಪ್ರಕಟವಾದದ್ದು. ರಾಗಿಯೂ ಅಷ್ಟೇ, ಪೂರ್ವ ಆಫ್ರಿಕಾದ ಎತ್ತರದ ನಾಡಿನ ಬೆಳೆ. ಉತ್ತರ ಕರ್ನಾಟಕದ ಜೋಳದ ರೊಟ್ಟಿ, ಹಳೇ ಮೈಸೂರಿನ ರಾಗಿ ಮುದ್ದೆ ಎರಡೂ ತಿಂದು ತೇಗಿ "ಆಫ್ರಿಕಾದಲ್ಲಿ ಏನಿತ್ತು?" ಅಂತ ಕೇಳೋದಕ್ಕೆ ಮುಖ ಬೇಕು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನದಲ್ಲಿ ಕನ್ನಡ ಇದೆ ಅಂತ ಗೋವಿಂದ ಪೈಗಳು ವಾದಿಸಿದ್ದನ್ನು (ಎಲ್ಲ ವಿದ್ವಾಂಸರೂ ಒಪ್ಪಿಲ್ಲ ಅನ್ನೋದು ಬೇರೆ ಮಾತು) ಎಷ್ಟು ಹೆಮ್ಮೆಯಿಂದ ಹೇಳ್ಕೋತೀವಿ! ಆ ಆಕ್ಸಿರಿಂಕಸ್ ಯಾವ ಖಂಡದಲ್ಲಿದೆ ಅಂದುಕೊಂಡಿರಿ?

"ಪಠ್ಯಪುಸ್ತಕದಲ್ಲಿ ಚಾಲುಕ್ಯ, ರಾಷ್ಟ್ರಕೂಟರಿಗೆ ಎರಡೇ ಪ್ಯಾರಾ" ಅಂತ ನಾವೇ ಅಳ್ತೀವಿ. ನಮಗೆ ಆದದ್ದನ್ನೇ ಇನ್ನೊಬ್ಬರಿಗೆ ನಾವು ಮಾಡಿದರೆ ಆ ಅಳುವಿಗೆ ಬೆಲೆ ಏನು?

ಇನ್ನೊಂದು ವಿಷಯ, ಇದು ತಮಾಷೆಯದ್ದಲ್ಲ. 1834ರಲ್ಲಿ ಫೆರ್ಲಿನಿ ಅನ್ನುವ ಇಟಲಿಯವನು ಚಿನ್ನದ ಆಸೆಗೆ ಮೆರೊಯಿಯ ಪಿರಮಿಡ್ಡುಗಳನ್ನು ಕೆಡವಿದ. 2023ರ ಏಪ್ರಿಲ್‌ನಲ್ಲಿ ಸೂಡಾನ್‌ನಲ್ಲಿ ಅಂತರ್ಯುದ್ಧ ಶುರುವಾದ ಮೇಲೆ ಖಾರ್ಟೂಮಿನ ರಾಷ್ಟ್ರೀಯ ವಸ್ತುಸಂಗ್ರಹಾಲಯವನ್ನೇ ಲೂಟಿ ಮಾಡಿದರು. ಕಣಿವೆ ನೀರಡಿ, ಮ್ಯೂಸಿಯಂ ಲೂಟಿ, ಜನ ನಿರಾಶ್ರಿತರು. ಇಂಥ ಹೊತ್ತಿನಲ್ಲಿ ಎಲ್ಲೋ ಒಬ್ಬ ಸೂಡಾನಿ ಹುಡುಗ ಈ ಬಿಟ್ಟಿ ಗೇಮನ್ನು ಡೌನ್‌ಲೋಡ್ ಮಾಡಿ ತನ್ನ ಊರನ್ನು ಹುಡುಕಿದರೆ ಅವನಿಗೆ ಏನು ಕಾಣಬೇಕು? ಮರಳು, ಸಿಂಹ ಅಷ್ಟೇನಾ?

ಕಾಸು ಕೊಟ್ಟು ತಂದ ಗೇಮಾಗಿದ್ದರೆ ಕಂಪನಿಯನ್ನು ಬೈದು ಕೈ ತೊಳೆದುಕೊಳ್ಳಬಹುದಿತ್ತು. ಇದು ಹಾಗಲ್ಲ, ಫೈಲು ತೆರೆದೇ ಇದೆ. ತಪ್ಪು ಕಂಡೂ ತಿದ್ದದಿದ್ದರೆ ಆ ತಪ್ಪಿನಲ್ಲಿ ನಮ್ಮದೂ ಪಾಲಿದೆ. ಕೋಡ್ ಬರುವವರು ಒಂದು ಮ್ಯಾಪ್ ಮಾಡಿ. ಇತಿಹಾಸ ಓದುವವರು ಮ್ಯಾಪ್ ಮಾಡುವವರ ತಪ್ಪು ಹಿಡಿಯಿರಿ. ಬರೆಯುವವರು ಕುಶ್ ಬಗ್ಗೆ, ನೋಕ್ ಬಗ್ಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆಯಿರಿ. ಮುಂದಿನ ಸಲ ಯಾರಾದರೂ "ಆಫ್ರಿಕಾದಲ್ಲಿ ಏನಿತ್ತು" ಅಂತ ಹುಡುಕಿದರೆ ಕನ್ನಡದಲ್ಲೇ ಉತ್ತರ ಸಿಗಲಿ.

ಒಪ್ಪದವರು ಕೆಳಗೆ ಬೈಯಬಹುದು. ಆದರೆ ಒಂದು ಷರತ್ತು: ಬೈಯುವ ಮುಂಚೆ ನಕ್ಷೆ ತೆಗೆದು ಮೆರೊಯಿ ಎಲ್ಲಿದೆ ಅಂತ ಒಂದು ಸಲ ನೋಡಿ ಬನ್ನಿ :-)