ಇಂಜಿನ್ ಇಳಿಸಲು ಊರಲ್ಲೊಂದು ಜಾಗ ಬೇಕು

ಕಾರು ನೀಲಿ ಹೊಗೆ ಕಾರತೊಡಗಿ, ವಾರಕ್ಕೊಮ್ಮೆ ಆಯಿಲ್ ಕೇಳುವ ಹಂತಕ್ಕೆ ಬಂತೆಂದರೆ ಮೆಕ್ಯಾನಿಕ್ ಬಾಯಿಂದ ಬರುವ ಮಾತು ಒಂದೇ: ‘ಇಂಜಿನ್ ಇಳಿಸ್ಬೇಕು ಸಾರ್.’ ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಈ ಮಾತು ಕೇಳಿಸಿಕೊಂಡವರು ಮೊದಲು ಖರ್ಚಿನ ಲೆಕ್ಕ ಹಾಕುತ್ತಾರೆ, ಆಮೇಲೆ ಕಾರು ಮಾರುವ ಯೋಚನೆ ಮಾಡುತ್ತಾರೆ. ನಾವೇ ಇಳಿಸಿದರೆ ಹೇಗೆ ಎಂದು ಕೇಳುವವರು ಎಲ್ಲೋ ಒಬ್ಬಿಬ್ಬರು. ಅವರಿಗೆ ತಲೆ ಕೆಟ್ಟಿದೆ ಎಂದು ಮನೆಯವರು ನಗಬಹುದು. ನಗುವಂಥದ್ದೇನೂ ಇಲ್ಲ.

15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಅಷ್ಟು ಕೊಟ್ಟು ಹಳೆಯ ಕಾರನ್ನು ಉಳಿಸಿಕೊಂಡವರಿಗೆ ಅದರ ಇಂಜಿನ್ ಮೇಲೂ ಒಂದಿಷ್ಟು ಹಕ್ಕು, ಕುತೂಹಲ ಇರುವುದು ಸಹಜ.

ಎಲ್ಲ ರಿಪೇರಿಗೂ ಇಂಜಿನ್ ಕೆಳಗಿಳಿಯಬೇಕಿಲ್ಲ ಎಂಬುದನ್ನು ಮೊದಲೇ ಹೇಳಬೇಕು. ಹೆಡ್ ಗ್ಯಾಸ್ಕೆಟ್ ಹೋದರೆ, ಟೈಮಿಂಗ್ ಬೆಲ್ಟ್ ಬದಲಿಸಬೇಕಾದರೆ ಸಾಮಾನ್ಯವಾಗಿ ಅದು ಇದ್ದಲ್ಲೇ ಇರಬಹುದು. ಸಿಲಿಂಡರ್ ಸವೆದು ಕಂಪ್ರೆಷನ್ ಬಿದ್ದಿದ್ದರೆ, ಕ್ರ್ಯಾಂಕ್ ಬೇರಿಂಗ್ ಬಡಿಯುತ್ತಿದ್ದರೆ ಮಾತ್ರ ಬೇರೆ ದಾರಿ ಕಡಿಮೆ. ಆ ಇಳಿಸುವ ಕೆಲಸವಾದರೂ ಜಾಣತನಕ್ಕಿಂತ ತಾಳ್ಮೆಯನ್ನು ಕೇಳುವಂಥದ್ದು. ಬ್ಯಾಟರಿ ವೈರ್ ತೆಗೆದು, ರೇಡಿಯೇಟರ್ ನೀರು ಬಸಿದು, ಪೆಟ್ರೋಲ್ ಪೈಪಿನ ಒತ್ತಡ ಬಿಟ್ಟು, ಒಂದೊಂದು ವೈರಿಗೂ ಚೀಟಿ ಅಂಟಿಸಿ ಮೊಬೈಲಿನಲ್ಲಿ ಫೋಟೊ ಹಿಡಿದುಕೊಳ್ಳಬೇಕು. ಎ.ಸಿ. ಕಂಪ್ರೆಸರನ್ನು ಪೈಪು ಬಿಚ್ಚದೆ ಪಕ್ಕಕ್ಕೆ ಕಟ್ಟಿಟ್ಟರೆ ಗ್ಯಾಸ್ ಉಳಿಯುತ್ತದೆ. ಇಂಜಿನ್ ಅಡ್ಡಕ್ಕೆ ಕೂತ ಇಂದಿನ ಫ್ರಂಟ್ ವೀಲ್ ಕಾರುಗಳಲ್ಲಿ ಅದು ಗೇರ್ ಬಾಕ್ಸ್ ಸಮೇತ ಹೊರಬರುವುದೇ ಹೆಚ್ಚು. ಹಾಗಾಗಿ ಎರಡೂ ಕಡೆಯ ಆಕ್ಸಲ್ ಕಳಚಬೇಕು. ಮುಂದಿನದು ಮನೆಯ ಕೆಲಸವಲ್ಲ. ಬೋರಿಂಗ್ ಮಾಡಿಸಿ 0.25 ಅಥವಾ 0.50 ಮಿಲಿಮೀಟರ್ ಹೆಚ್ಚು ಅಳತೆಯ ಪಿಸ್ಟನ್ ಕೂರಿಸುವುದು, ಕ್ರ್ಯಾಂಕ್ ಗ್ರೈಂಡಿಂಗ್, ಹೆಡ್ ಫೇಸಿಂಗ್, ಇವೆಲ್ಲ ಮಷೀನ್ ಇದ್ದವರ ಪಾಲಿಗೇ ಬಿಡಬೇಕು.

ಮಷೀನ್ ಇದ್ದವರಿಗೆ ಈ ಸೀಮೆಯಲ್ಲಿ ಬರವಿಲ್ಲ. ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಭದ್ರಾವತಿಯಲ್ಲಿ ಉತ್ಪಾದನೆ ಶುರು ಮಾಡಿದ್ದು 1923ರಲ್ಲಿ. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ವಿಶ್ವೇಶ್ವರಯ್ಯನವರ ಹಟ ಸೇರಿ ಎದ್ದ ಆ ಕಾರ್ಖಾನೆ ಲೋಹದ ಕೆಲಸ ಬಲ್ಲವರ ತಲೆಮಾರುಗಳನ್ನೇ ಬೆಳೆಸಿತು. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ತೀರ್ಮಾನ ಹೊರಬಿದ್ದಾಗ ಇಡೀ ಊರು ಬೀದಿಗಿಳಿದದ್ದು ಸುಮ್ಮನೆ ಅಲ್ಲ. ಭದ್ರಾವತಿ, ಶಿವಮೊಗ್ಗಗಳ ನಡುವಿನ ಮಾಚೇನಹಳ್ಳಿಯಲ್ಲಿ, ಶಿವಮೊಗ್ಗದ ಸುತ್ತಮುತ್ತ ಇರುವ ಫೌಂಡ್ರಿಗಳು ಇಂದಿಗೂ ವಾಹನಗಳ ಭಾಗಗಳನ್ನು ಎರಕ ಹೊಯ್ಯುತ್ತಿವೆ.

ಇಲ್ಲದಿರುವುದು ಜಾಗ. ನೂರು ಕಿಲೋಗೂ ಮೀರಿ ತೂಗುವ ಇಂಜಿನ್ನನ್ನು ಮಾವಿನ ಕೊಂಬೆಗೋ ಹಳೆ ಮನೆಯ ತೊಲೆಗೋ ಚೈನ್ ಪುಲ್ಲಿ ಕಟ್ಟಿ ಎತ್ತುವ ಸಾಹಸ ಬೇಡವೇ ಬೇಡ. ಮಳೆಗಾಲದ ಮಲೆನಾಡಿನ ಅಂಗಳದಲ್ಲಿ ಜಾಕ್ ಮಣ್ಣಿಗೆ ಇಳಿಯುತ್ತದೆ. ಕಾಲ ಮೇಲೆ ಕಾರು ಕೂತ ಮೇಲೆ ಯಾವ ಉಳಿತಾಯದ ಲೆಕ್ಕವೂ ನಿಲ್ಲುವುದಿಲ್ಲ.

ಮಾಹಿತಿಯೂ ಇಲ್ಲ. ಹೊರಗಿನ ಗ್ಯಾರೇಜುಗಳಿಗೆ ಬಿಡಿಭಾಗ, ರಿಪೇರಿ ಮಾಹಿತಿ ಸಿಗದಂತೆ ಮಾಡಿದ್ದಕ್ಕಾಗಿ 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತು. ಪ್ರಕರಣ ಮೇಲ್ಮನವಿಗಳಲ್ಲಿ ಎಳೆದಾಡಿತು. ‘ರಿಪೇರಿ ಹಕ್ಕಿ’ನ ಬಗ್ಗೆ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಸಮಿತಿ ಮಾಡಿದಾಗ ವಾಹನಗಳೂ ಅದರ ಪಟ್ಟಿಯಲ್ಲಿದ್ದವು, ಪೋರ್ಟಲ್ ಬಂತು, ಕಾನೂನು ಬರಲಿಲ್ಲ. ಯಾವ ಬೋಲ್ಟನ್ನು ಎಷ್ಟು ಟಾರ್ಕಿಗೆ ಬಿಗಿಯಬೇಕು ಎಂಬ ಸಂಖ್ಯೆ ಮಾಲೀಕನಿಗೇ ಗುಟ್ಟಾಗಿ ಉಳಿಯುವುದು ವಿಚಿತ್ರವೇ ಸರಿ.

ಜರ್ಮನಿಯಲ್ಲಿ ಗಂಟೆ ಲೆಕ್ಕದಲ್ಲಿ ಲಿಫ್ಟ್, ಹತ್ಯಾರು ಬಾಡಿಗೆಗೆ ಕೊಡುವ ಗ್ಯಾರೇಜುಗಳಿವೆ. ಅಮೆರಿಕದ ಸೇನಾ ನೆಲೆಗಳಲ್ಲಿ ಸೈನಿಕರು ತಮ್ಮ ಕಾರನ್ನು ತಾವೇ ಬಿಚ್ಚಿ ಜೋಡಿಸಲು ವರ್ಕ್‌ಶಾಪ್‌ಗಳಿವೆ. ಶಿವಮೊಗ್ಗ, ಭದ್ರಾವತಿಗಳಲ್ಲಿ ಇದಕ್ಕಾಗಿ ಹೊಸ ಕಟ್ಟಡ ಏಳಬೇಕಿಲ್ಲ. ಐಟಿಐ, ಪಾಲಿಟೆಕ್ನಿಕ್‌ಗಳಿಗೆ ವರ್ಕ್‌ಶಾಪುಗಳಿವೆ, ಅವುಗಳಿಗೆ ಭಾನುವಾರ ಬೀಗ. ಒಂದು ಕಾಂಕ್ರೀಟ್ ನೆಲ, ಎತ್ತುವ ಹಾಯ್ಸ್ಟ್, ಟಾರ್ಕ್ ರೆಂಚ್ ಇಟ್ಟು ಶುಲ್ಕ ಪಡೆದು ತೆರೆಯಲಿ. ಅನುಭವಿ ಮೆಕ್ಯಾನಿಕ್ ಒಬ್ಬರಿಗೆ ಸಂಬಳ ಕೊಟ್ಟು ನಿಲ್ಲಿಸಲಿ. ಅವರು ಒಪ್ಪದೆ ಯಾರೂ ಕಾರಿನ ಕೆಳಗೆ ನುಗ್ಗಕೂಡದು.

ಗ್ಯಾರೇಜಿನವರ ಹೊಟ್ಟೆಗೆ ಹೊಡೆದಂತಾಗುವುದಿಲ್ಲವೇ ಎಂಬ ಪ್ರಶ್ನೆ ಬರುತ್ತದೆ, ಬರಲಿ. ಖರ್ಚಿಗೆ ಹೆದರಿ ಗುಜರಿಗೆ ಹೋಗುತ್ತಿದ್ದ ಕಾರು ಉಳಿದರೆ ಬೋರಿಂಗಿನವರಿಗೂ ಬಿಡಿಭಾಗದ ಅಂಗಡಿಗೂ ವ್ಯಾಪಾರವೇ. ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದದ್ದು ಬಸಿದ ಆಯಿಲ್ ಬಗ್ಗೆ. ಮನೆಯಲ್ಲಿ ಬಿಚ್ಚಿದವರು ಅದನ್ನು ಚರಂಡಿಗೆ ಸುರಿದರೆ ಶಿವಮೊಗ್ಗದ್ದು ತುಂಗೆಗೆ, ಭದ್ರಾವತಿಯದ್ದು ಭದ್ರೆಗೆ, ಎರಡೂ ಕೂಡಲಿಗೆ. ಬಳಸಿದ ಆಯಿಲನ್ನು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿ ಅನುಮತಿ ಪಡೆದವರಿಗೇ ಕೊಡಬೇಕು. ವರ್ಕ್‌ಶಾಪಿನ ಮೂಲೆಯಲ್ಲೊಂದು ಡ್ರಮ್ ಇಟ್ಟು, ತುಂಬಿದಾಗ ಅಂಥವರಿಗೆ ಫೋನ್ ಮಾಡುವ ಹೊಣೆಯನ್ನು ಭಾನುವಾರದ ಮೆಕ್ಯಾನಿಕ್‌ಗೇ ವಹಿಸಬಹುದು.